ದೂರುಗಳು: ಸೊನ್ನೆ

ಒಲೆಯ ಮೇಲೆ ಕಾಫಿ ಉಕ್ಕಿ ಬರುವಷ್ಟು ಹೊತ್ತಿನಲ್ಲಿ ಲಾಜಾರ್ ವೆಸೆಲಿನೊವ್ ದಿನಾ ಬೆಳಿಗ್ಗೆ ಒಂದು ಪುಟ ತೆರೆದು ನೋಡುತ್ತಿದ್ದ. ಆ ಪುಟದಲ್ಲಿ ಹೆಚ್ಚಿನದೇನೂ ಇರುತ್ತಿರಲಿಲ್ಲ. ಮೇಲೆ ಒಂದು ಪ್ಯಾಕೇಜಿನ ಹೆಸರು, ಅದರ ಕೆಳಗೆ 'ಉಸ್ತುವಾರಿ: ಲಾಜಾರ್ ವೆಸೆಲಿನೊವ್', ಅದರ ಕೆಳಗೆ 'ಬಾಕಿ ದೂರುಗಳು: ಸೊನ್ನೆ'. ಆ ಸೊನ್ನೆಯನ್ನು ಕಣ್ಣಾರೆ ಕಂಡ ಮೇಲೆಯೇ ಅವನಿಗೆ ಕಾಫಿ ರುಚಿಸುತ್ತಿದ್ದದ್ದು.

ಹೆಂಡತಿ ವಿದಾ ನಗುತ್ತಿದ್ದಳು. "ನೋಡ್ಕೊಂಡ್ಯಾ ನಿನ್ನ ಮೊಟ್ಟೇನ? ಒಡೆದಿಲ್ಲ ತಾನೆ?"

"ನಾಲ್ಕು ತಿಂಗಳಾಯ್ತು ವಿದಾ, ಒಂದೇ ಒಂದು ದೂರಿಲ್ಲ. ಬೇರೆಯವರದ್ದು ಹೋಗಿ ನೋಡು, ಇಪ್ಪತ್ತು, ಮೂವತ್ತು."

"ಕಾವು ಕೂತ್ಕೊ ಹಾಗಾದ್ರೆ. ಮರಿ ಆದ್ರೆ ಹೇಳು."

ಸರ್ಬಿಯಾದ ಸೊಂಬೋರ್ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಲಾಜಾರನ ಸಂಬಳದ ಕೆಲಸ. ಇದು ಸಂಬಳವಿಲ್ಲದ್ದು. ಎಲ್ಲೆಲ್ಲಿಯದೋ ಊರುಗಳ ಸಾವಿರದಷ್ಟು ಜನ, ಒಬ್ಬರ ಮುಖ ಒಬ್ಬರು ನೋಡದವರು, ಸೇರಿಕೊಂಡು ಒಂದು ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿ ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬಿಟ್ಟಿಯಾಗಿ ಬಿಡುತ್ತಿದ್ದರು. ಯಾರೋ ಎಲ್ಲೋ ಬರೆದ ತಂತ್ರಾಂಶವನ್ನು ತಂದು, ಆ ವ್ಯವಸ್ಥೆಗೆ ಹೊಂದುವ ಹಾಗೆ ತಿದ್ದಿ ತೀಡಿ, ಪ್ಯಾಕೇಜು ಎಂಬ ಪೊಟ್ಟಣ ಕಟ್ಟಿ, ಎರಡು ವರ್ಷಕ್ಕೊಮ್ಮೆ ಬರುವ ಹೊಸ ಬಿಡುಗಡೆಯೊಳಗೆ ಸೇರಿಸುವುದು, ಆಮೇಲೆ ಬರುವ ದೂರುಗಳಿಗೆ ಜವಾಬು ಹೇಳುವುದು ಉಸ್ತುವಾರಿಯ ಕೆಲಸ. ಪೊಟ್ಟಣಕ್ಕೊಬ್ಬರ ಹೆಸರು. ಲಾಜಾರನ ಪಾಲಿಗೆ ಬಂದದ್ದು ಸರ್ಬಿಯನ್ ದನಿ. ಪರದೆಯ ಮೇಲೆ ಬಿದ್ದ ಅಕ್ಷರವನ್ನು ಸರ್ಬಿಯನ್ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ದನಿ ಅದು. ಕಣ್ಣಿಲ್ಲದವರು ಕಂಪ್ಯೂಟರ್ ಬಳಸುವುದು ಅದರ ಆಸರೆಯಿಂದ. ಮೊದಲು ಅದನ್ನು ಬರೆದ ಪ್ರೊಫೆಸರ್ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಅದಕ್ಕೆ ತಂದೆ ತಾಯಿ ಎಲ್ಲ ತಾನೇ ಎಂದು ಲಾಜಾರ್ ಹೇಳಿಕೊಳ್ಳುತ್ತಿದ್ದ.

ಆ ಮನೆ ಸಂತ ಲೂಕನ ಒಕ್ಕಲು. ಅಕ್ಟೋಬರ್ ಕೊನೆಯ ದಿನ ಅವರ ಸ್ಲಾವಾ, ಮನೆತನದ ಸಂತನ ಹಬ್ಬ. ಅಂದು ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಾಗಿಲು ತೆರೆದಿಟ್ಟರೆ ಸಾಕು, ಬರುವವರು ಬರುತ್ತಾರೆ. ಅದಕ್ಕೆ ಹತ್ತು ದಿನ ಮೊದಲಿನ ಭಾನುವಾರ ಲಾಜಾರ್ ಚರ್ಚಿಗೆ ಹೋದ. ಹಬ್ಬದ ರೊಟ್ಟಿಯನ್ನು ಹರಸಲು ಪಾದ್ರಿ ಎಷ್ಟು ಗಂಟೆಗೆ ಬರುತ್ತಾರೆಂದು ಕೇಳಬೇಕಿತ್ತು. ಬೇಸಿಗೆಯೆಲ್ಲ ಅವನು ಆ ಕಡೆ ತಲೆ ಹಾಕಿರಲಿಲ್ಲ.

ಎಡಗಡೆಯ ಗಾಯಕರ ಸಾಲಿನಿಂದ ಕೀರ್ತನೆ ಓದುವ ದನಿ ಬೇರೆಯದಾಗಿತ್ತು. ಯಾರೋ ಮುದುಕ, ಕನ್ನಡಕ ಏರಿಸುತ್ತ ಇಳಿಸುತ್ತ, ಸಾಲಿನ ನಡುವೆ ಉಸಿರು ಕಡಿದುಕೊಳ್ಳುತ್ತ, ಹೊಲದಲ್ಲಿ ಹೆಂಟೆ ತುಳಿದವನ ಹಾಗೆ ಎಡವಿ ಎಡವಿ ಓದುತ್ತಿದ್ದ. ಲಾಜಾರ್ ಚಿಕ್ಕಂದಿನಿಂದ ಅಲ್ಲಿ ಕೇಳಿದ್ದು ಯೆಲಾ ಅತ್ತೆಯ ದನಿಯನ್ನು. ಊರಿಗೆಲ್ಲ ಆಕೆ ತೇತಾ ಯೆಲಾ, ಯೆಲಾ ಅತ್ತೆ, ಹುಟ್ಟಾ ಕುರುಡಿ. ಆಕೆ ಓದಿದರೆ ಮಾತು ಮಾತಿಗೂ ಕೂರಲು ಜಾಗ ಸಿಗುತ್ತಿತ್ತು. ನಿಂತ ಜನರ ಕಾಲಿನ ಸದ್ದು ಅಡಗುತ್ತಿತ್ತು. ಆ ದಿನವೂ ಆಕೆ ಅಲ್ಲಿಯೇ ಇದ್ದರು, ಕಂದು ಕೋಟು, ಮಡಚಿದ ಬಿಳಿ ಕೋಲು. ಬಾಯಿ ಮಾತ್ರ ಮುಚ್ಚಿತ್ತು.

"ಯೆಲಾ ಅತ್ತೆ ಯಾಕೆ ಓದ್ಲಿಲ್ಲ ಗುರುಗಳೇ?" ಎಂದು ಲಾಜಾರ್ ಆಮೇಲೆ ಪಾದ್ರಿ ಗಾವ್ರಿಲೊ ಅವರನ್ನು ಕೇಳಿದ.

"ಬೇಸಿಗೆಯಿಂದ ಹೀಗೇನೆ ಕಣಪ್ಪ. ಬಾಯಿಪಾಠ ಇರೋದನ್ನ ಓದೋಕೆ ಬರುತ್ತೆ. ಆದ್ರೆ ದಿನದಿನಕ್ಕೂ ಬದಲಾಗೋದು ಇರುತ್ತಲ್ಲ, ಅದನ್ನ ಹಿಂದಿನ ದಿನ ಕಂಪ್ಯೂಟರಿನಿಂದ ಕೇಳಿ ಕೇಳಿ ಕಲೀತಿದ್ಲು. ಈಗ ಅದು ಮೂಕಾಗಿ ಕೂತಿದೆಯಂತೆ. ಅರ್ಧ ಓದಿ ಅರ್ಧ ಬಿಡೋದಕ್ಕಿಂತ ಓದದೇ ಇರ್ತೀನಿ ಅಂದ್ಲು. ಹಠಮಾರಿ."

"ಬೇಸಿಗೆ ಅಂದ್ರೆ ಯಾವಾಗಿಂದ?"

"ಜೂನ್ ಇರಬೇಕು. ನೀನು ನೀರಿನ ಆಫೀಸಿನವನು, ಅದೆಲ್ಲ ಗೊತ್ತಿರೋನು. ಒಂದ್ಸಲ ಹೋಗಿ ನೋಡಬಾರದಾ? ಅವಳಾಗಿ ಕೇಳೋ ಪೈಕಿ ಅಲ್ಲ."

ಹೊಸ ಬಿಡುಗಡೆ ಬಂದದ್ದು ಜೂನಿನಲ್ಲಿ. ಲಾಜಾರನ ದನಿಯೂ ಅದರೊಳಗೇ ಹೋಗಿತ್ತು. ಆದರೆ ಸೊನ್ನೆ ನೆನಪಾಯಿತು, ಧೈರ್ಯ ಬಂತು. ತನ್ನ ಪ್ಯಾಕೇಜಿನಲ್ಲಿ ತೊಂದರೆಯಿದ್ದಿದ್ದರೆ ಇಷ್ಟರಲ್ಲಿ ಯಾರಾದರೂ ದೂರು ಹಾಕುತ್ತಿರಲಿಲ್ಲವೆ? ಸ್ಪೀಕರಿನ ತಂತಿ ಕಳಚಿರಬೇಕು, ಅಷ್ಟೆ.

ಬುಧವಾರ ಕಚೇರಿ ಮುಗಿಸಿ ಹೋದ. ಬೀರುವಿನ ಮೇಲೆ ಸಾಲಾಗಿ ಇಟ್ಟಿದ್ದ, ಸೇಬಿನಂಥ ಹಳದಿ ದುನ್ಯಾ ಹಣ್ಣುಗಳ ಘಮ ಮನೆತುಂಬ ಹರಡಿತ್ತು. ಯೆಲಾ ಅತ್ತೆ ಚಹಾ ಕಾಯಿಸಿ, ಬಟ್ಟಲಿನ ಅಂಚಿಗೆ ಬೆರಳಿಟ್ಟು ಅಳತೆ ನೋಡಿ ಸುರಿದರು.

"ಗುರುಗಳು ನಿನ್ನನ್ನ ಅಟ್ಟಿದ್ರಾ? ಅವರ ಹೊಟ್ಟೇಲಿ ಮಾತು ನಿಲ್ಲಲ್ಲ ನೋಡು. ನಿನ್ನ ಹಬ್ಬದ ಕೆಲಸ ಬಿಟ್ಟು ಬಂದೆಯಲ್ಲ ಮಗಾ."

"ಕೆಲಸ ಎಲ್ಲ ವಿದಾ ಮಾಡ್ತಾಳೆ. ನಾನು ಕಾಲಿಗೆ ಅಡ್ಡ ಸಿಗೋದು ಅಷ್ಟೆ."

"ದಿನಾ ಬೆಳಿಗ್ಗೆ ಹಾಕ್ತೀನಿ," ಎಂದು ಆಕೆ ಕಂಪ್ಯೂಟರಿನ ತಲೆ ಸವರಿದರು. "ಫ್ಯಾನ್ ತಿರುಗೋದು ಕೇಳುತ್ತೆ. ಒಳಗೆ ಯಾರೋ ಕೂತು ಉಸಿರಾಡ್ತಿದ್ದಾರೆ, ನನ್ನ ಮೇಲೆ ಸಿಟ್ಟಾಗಿ ಮಾತು ಬಿಟ್ಟಿದ್ದಾರೆ ಅನ್ನೋ ಹಾಗೆ. ಜೂನಲ್ಲಿ ನನ್ನ ತಂಗಿ ಮಗ ಬಂದು ಎಲ್ಲಾ ಹೊಸದು ಮಾಡಿಕೊಟ್ಟು ಅವತ್ತೇ ಲಾರಿ ಹತ್ತಿ ಆಸ್ಟ್ರಿಯಾಕ್ಕೆ ಹೋದ. ಮಾರನೇ ದಿನ ಇದು ಮೂಕ. ಫೋನ್ ಮಾಡಿದ್ರೆ, 'ನಾನು ಸರಿಯಾಗೇ ಮಾಡಿದ್ದೆ, ನೀನೇನು ಒತ್ತಿದೆ ದೊಡ್ಡಮ್ಮ?' ಅಂದ. ಏನೋ ಒತ್ತಿರಬೇಕು. ಈ ಬೆರಳುಗಳಿಗೆ ಅರವತ್ತೆಂಟು ವರ್ಷ."

ಲಾಜಾರ್ ಕುರ್ಚಿ ಎಳೆದುಕೊಂಡ. ತಂತಿ ಸರಿಯಿತ್ತು. ಸ್ಪೀಕರಿಗೆ ಒಂದು ಹಾಡು ಹಾಕಿದರೆ ಹಾಡಿತು. ಓದುವ ತಂತ್ರಾಂಶ ಎಚ್ಚರವಾಗಿಯೇ ಇತ್ತು. ಅಕ್ಷರಗಳನ್ನು ತೆಗೆದುಕೊಳ್ಳುತ್ತಿತ್ತು, ಅವನ ದನಿಯ ಪ್ಯಾಕೇಜಿಗೆ ಕೊಡುತ್ತಿತ್ತು. ಪ್ಯಾಕೇಜು ಪ್ರತಿ ಸಾಲಿಗೂ ಸರಿಯಾದ ಉದ್ದದ ಒಂದು ಧ್ವನಿ ಕಡತವನ್ನು ಶ್ರದ್ಧೆಯಿಂದ ತಯಾರಿಸಿ ಹೊರಗೆ ಕಳಿಸುತ್ತಿತ್ತು. ಆ ಕಡತದೊಳಗೆ ಏನೂ ಇರಲಿಲ್ಲ. ಖಾಲಿ ಕೊಳಗ.

ಅವನು ಪ್ಯಾಕೇಜಿನ ಜೊತೆಗೇ ಬರುವ ಬದಲಾವಣೆಗಳ ಪಟ್ಟಿಯನ್ನು ತೆರೆದ. ಈ ಒಂದು ಪ್ಯಾಕೇಜಿಗೆ ಅವನು ಟಿಪ್ಪಣಿಗಳನ್ನು ಸರ್ಬಿಯನ್ನಿನಲ್ಲೇ ಬರೆಯುತ್ತಿದ್ದ. ಓದುವವರು ನಮ್ಮವರೇ ತಾನೆ ಎಂಬ ಅಭಿಮಾನ. ಫೆಬ್ರವರಿಯ ಟಿಪ್ಪಣಿ ಹೀಗಿತ್ತು: 'ಸದ್ದಿನ ಪರೀಕ್ಷೆಯನ್ನು ಸದ್ಯಕ್ಕೆ ನಿಲ್ಲಿಸಿದೆ. ಪ್ಯಾಕೇಜು ಕಟ್ಟುವ ಯಂತ್ರಗಳಲ್ಲಿ ಅದು ಸೋಲುತ್ತಿದೆ. ಯಂತ್ರಗಳದ್ದೇ ದೋಷವಿರಬೇಕು. ಆಮೇಲೆ ನೋಡುವುದು.' ಕೆಳಗೆ ಅವನ ಹೆಸರು, ತಾರೀಖು.

ಆಗ ಜೂನಿನ ಬಿಡುಗಡೆಗೆ ಪ್ಯಾಕೇಜು ಸೇರಿಸುವ ಬಾಗಿಲು ಮುಚ್ಚಲು ನಾಲ್ಕು ದಿನ ಉಳಿದಿತ್ತು. ಮುಚ್ಚುವ ಮೊದಲು ಪರೀಕ್ಷೆಗಳಲ್ಲಿ ಸೋತ ಪ್ಯಾಕೇಜನ್ನು ಮುಲಾಜಿಲ್ಲದೆ ಹೊರಗೆ ಹಾಕುತ್ತಾರೆ. ಲಾಜಾರನ ದನಿಗೆ ಒಂದೇ ಒಂದು ಪರೀಕ್ಷೆ ಇತ್ತು. ಆ ಪ್ರೊಫೆಸರೇ ಬರೆದಿಟ್ಟು ಹೋದದ್ದು. ದನಿಯಿಂದ ಒಂದು ವಾಕ್ಯ ಹೇಳಿಸಿ, ಸದ್ದು ಬಂತೇ ಇಲ್ಲವೇ ಎಂದು ನೋಡುವುದು. ಅದು ಸೋತಿತು. ಲಾಜಾರ್ ಆ ವಾರ ಕಚೇರಿಯಲ್ಲಿ ಒಡೆದ ಪೈಪುಗಳ ಲೆಕ್ಕದಲ್ಲಿ ಮುಳುಗಿದ್ದ. ಎಲ್ಲರ ಪ್ಯಾಕೇಜುಗಳನ್ನು ಕಟ್ಟಿ ಪರೀಕ್ಷಿಸುವ ದೂರದ ಯಂತ್ರಗಳಿಗೆ ಕಿವಿಯೆಲ್ಲಿದೆ ಎಂದುಕೊಂಡ. ಪರೀಕ್ಷೆಯನ್ನೇ ತೆಗೆದುಹಾಕಿದ. ಪಾಸಾಯಿತೆಂಬ ಹಸಿರು ಗುರುತು ಬಂತು. ತನ್ನ ಯಂತ್ರದಲ್ಲಿ ಒಂದು ಸಲ ಹಾಕಿ ಕೇಳಬಹುದಿತ್ತು. ಕೇಳಲಿಲ್ಲ.

ಹೊರಗೆ ಹಾಕಿದ್ದಿದ್ದರೆ ಎಷ್ಟು ಒಳ್ಳೆಯದಿತ್ತು! ಹೊಸದಕ್ಕೆ ಬದಲಾಯಿಸುವ ಮುಂಚೆ 'ಈ ದನಿ ಇನ್ನು ಸಿಗುವುದಿಲ್ಲ' ಎಂದು ವ್ಯವಸ್ಥೆಯೇ ಎಚ್ಚರಿಸುತ್ತಿತ್ತು, ಜನ ಹಳೆಯದರಲ್ಲೇ ಉಳಿದುಕೊಳ್ಳುತ್ತಿದ್ದರು. ಇವನು ಸೇರಿಸಿಯೇ ಕೆಡಿಸಿದ.

ಮತ್ತೆ ಆ ಸೊನ್ನೆ. ದೂರು ಹಾಕಬೇಕಾದರೆ ಪುಟ ತೆರೆಯಬೇಕು, ಓದಬೇಕು, ಬರೆಯಬೇಕು. ಅದಕ್ಕೆ ದನಿ ಬೇಕು. ದನಿಯೇ ಸತ್ತವರು ಯಾರಿಗೆ ದೂರುತ್ತಾರೆ? ನಾಲ್ಕು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಕಾಫಿ ಹೀರುತ್ತ ಅವನು ನೋಡಿ ಹಿಗ್ಗುತ್ತಿದ್ದದ್ದು ಮುಚ್ಚಿದ ಬಾಯಿಗಳನ್ನು.

"ಸಿಕ್ತಾ ಮಗಾ?"

"ಹಾಂ... ಒಂದು ನಿಮಿಷ."

ಹಳೆಯ ಬಿಡುಗಡೆಯ ಪ್ಯಾಕೇಜನ್ನು ತರಿಸಿ ಹಾಕಿದ. ಸ್ಪೀಕರ್ ಒಮ್ಮೆ ಕೆಮ್ಮಿತು. ಮೂಗಿನಿಂದ ಮಾತಾಡುವ ಆ ಗಂಡು ದನಿ ಪರದೆಯ ಮೇಲೆ ತೆರೆದಿದ್ದನ್ನೇ ಹಿಡಿದು ಓದತೊಡಗಿತು.

"ಬಂದ!" ಯೆಲಾ ಅತ್ತೆ ಎರಡೂ ಕೈಯನ್ನು ಮೇಜಿನ ಮೇಲೆ ಊರಿದರು. "ಬಂದ ನೋಡು. ನೆಗಡಿ ಇನ್ನೂ ವಾಸಿಯಾಗಿಲ್ಲ ಇವನಿಗೆ!"

"ಸದ್ದಿನ ಪರೀಕ್ಷೆಯನ್ನು ಸದ್ಯಕ್ಕೆ ನಿಲ್ಲಿಸಿದೆ," ಎಂದು ದನಿ ಓದುತ್ತಿತ್ತು. "ಯಂತ್ರಗಳದ್ದೇ ದೋಷವಿರಬೇಕು. ಆಮೇಲೆ ನೋಡುವುದು." ಮುಂದಿನ ಸಾಲಿನಲ್ಲಿ ಹೆಸರಿತ್ತು.

ಲಾಜಾರನ ಬೆರಳು ತಾನಾಗಿ ದನಿ ನಿಲ್ಲಿಸುವ ಗುಂಡಿಯ ಮೇಲೆ ಬಿತ್ತು.

"ಯಾಕೆ ನಿಲ್ಲಿಸಿದೆ?"

"ಅದು... ಕೆಲಸಕ್ಕೆ ಬಾರದ ತಾಂತ್ರಿಕ ವಿಷಯ ಅತ್ತೆ. ನಿಮಗೆ ಬೇಡ."

"ಸರಿ." ಆಕೆಯ ಮುಖ ಅವನ ಕಡೆಗಲ್ಲ, ಅವನ ದನಿ ಬಂದ ಕಡೆಗೆ ತಿರುಗಿತ್ತು. "ಹೇಳು, ನಾನು ಒತ್ತಿದ್ದು ಯಾವುದು?"

ಆಗ ಹೇಳಬಹುದಿತ್ತು. ಬಾಯಲ್ಲಿ ಮಾತೂ ಬಂದಿತ್ತು. ಆದರೆ ಅದು ಹೊರಗೆ ಬರುವಾಗ ಬೇರೆಯೇ ಆಗಿ ಬಂತು. "ಏನೋ ಒಂದು ಗುಂಡಿ. ಯಾರಿಗಾದ್ರೂ ಆಗುತ್ತೆ, ಬಿಡಿ."

"ಬಿಡೋದೇನು? ಯಾವುದು ಅಂತ ತೋರಿಸು, ಇನ್ನು ಮೇಲೆ ಮುಟ್ಟಲ್ಲ." ಆಕೆ ಬಲಗೈಯ ತೋರುಬೆರಳನ್ನು ಮುಂದೆ ಮಾಡಿದರು.

ಲಾಜಾರ್ ಆ ಬೆರಳನ್ನು ಹಿಡಿದು, ಕೀಲಿಮಣೆಯ ಮೇಲುಸಾಲಿನ ಬಲತುದಿಯ ಒಂದು ಗುಂಡಿಯ ಮೇಲಿಟ್ಟ. ಏನೂ ಮಾಡದ, ಯಾರಿಗೂ ಬೇಡದ ಗುಂಡಿ. ಅದು ಸಿಕ್ಕಿದ್ದು ಅವನ ಪುಣ್ಯವೋ ಪಾಪವೋ.

"ಇದಾ!" ಎಂದು ಆಕೆ ಅದನ್ನು ಎರಡು ಸಲ ಸವರಿ ಗುರುತು ಮಾಡಿಕೊಂಡರು. "ಅಂದ್ಕೊಂಡೇ ಇದ್ದೆ. ನನ್ನದೇ ತಪ್ಪು."

ಹೊರಡುವಾಗ ಎರಡು ದುನ್ಯಾ ಹಣ್ಣು ಕೊಟ್ಟರು. ಬೇಡವೆನ್ನಲು ಅವನಿಗೆ ಮುಖವಿರಲಿಲ್ಲ. ದಾರಿಯುದ್ದಕ್ಕೂ ಅವು ಅವನ ಕೋಟಿನ ಜೇಬಿನಲ್ಲಿ ತೊಡೆಗೆ ಬಡಿಯುತ್ತಲೇ ಬಂದವು.

ಮನೆಗೆ ಬಂದು ಅವನು ಹುಡುಕಿದ್ದು ಒಂದು ಹಳೆಯ ಮಿಂಚಂಚೆಯನ್ನು. ಮಾರ್ಚಿನದು. ನಿಶ್ ಪಟ್ಟಣದ ಝಿವಾನಾ ಎಂಬಾಕೆ ಬರೆದದ್ದು: 'ನಮಸ್ಕಾರ. ನಿಮ್ಮ ಪ್ಯಾಕೇಜನ್ನು ನಾನು ಕಟ್ಟಿ ನೋಡಿದೆ. ಕಡತ ಬರುತ್ತದೆ, ಒಳಗೆ ಸದ್ದಿಲ್ಲ. ನನ್ನದೇ ತಪ್ಪೂ ಇರಬಹುದು. ದೂರು ದಾಖಲಿಸಲೆ? ನಿಮಗೆ ಪುರುಸೊತ್ತಿಲ್ಲದಿದ್ದರೆ ಉಸ್ತುವಾರಿಯಲ್ಲಿ ಕೈಜೋಡಿಸಲು ನಾನು ಸಿದ್ಧ.' ಏಳು ವಾರ ಬಿಟ್ಟು ಇವನು ಕೊಟ್ಟ ಉತ್ತರ: 'ಗಮನಕ್ಕೆ ಬಂದಿದೆ. ದೂರು ದಾಖಲಿಸುವ ಅಗತ್ಯವಿಲ್ಲ. ಎಲ್ಲ ನನ್ನ ಹತೋಟಿಯಲ್ಲಿದೆ.'

ಗಮನಕ್ಕೆ ಬಂದಿರಲಿಲ್ಲ. ಆಕೆಯ ಪತ್ರವನ್ನು ಅವನು ಪೂರ್ತಿ ಓದಿಯೂ ಇರಲಿಲ್ಲ. ಕಣ್ಣಿಗೆ ಬಿದ್ದದ್ದು ಎರಡು ಮಾತು, 'ದೂರು' ಮತ್ತು 'ಕೈಜೋಡಿಸಲು'. ಎರಡೂ ಅವನ ಸೊನ್ನೆಗೂ ಹೆಸರಿಗೂ ಕೈಹಾಕುವ ಮಾತುಗಳಾಗಿ ಕಂಡಿದ್ದವು.

ಉಸ್ತುವಾರಿಯಾಗಿ ಸೇರಿಸಿಕೊಳ್ಳುವ ಮುಂಚೆ ಹಿರಿಯರೊಬ್ಬರು ತಿಂಗಳುಗಟ್ಟಲೆ ಪ್ರಶ್ನೆ ಕೇಳಿ ಅವನನ್ನು ಸೋಸಿದ್ದರು. ಅದರಲ್ಲೊಂದು: ನಿಮಗೆ ಮುಂದೆ ಕೈಲಾಗದೆ ಹೋದರೆ ಏನು ಮಾಡುತ್ತೀರಿ? ಅವನು ಚಂದವಾಗಿ ಉತ್ತರ ಬರೆದಿದ್ದ. ಪ್ಯಾಕೇಜು ಅನಾಥವೆಂದು ಎಲ್ಲರಿಗೂ ಕೇಳುವ ಹಾಗೆ ಸಾರುತ್ತೇನೆ; ಸಾಕುವವರು ಬಂದರೆ ಸಂತೋಷದಿಂದ ಒಪ್ಪಿಸುತ್ತೇನೆ; ಹೆಸರಿಗೆ ಮಾತ್ರ ಹಿಡಿದುಕೊಂಡು ಕೂರುವುದಿಲ್ಲ. ಆ ಉತ್ತರವನ್ನು ಮೆಚ್ಚಿ ಹಿರಿಯರು ಹೊಸಬರಿಗೆಲ್ಲ ತೋರಿಸಿದ್ದರು.

ಈಗಲೇ ಎಲ್ಲ ಬರೆದುಬಿಡೋಣ ಎಂದು ಕೂತ. ಕೂತವನು, ಹಬ್ಬವೊಂದು ಮುಗಿಯಲಿ ಎಂದು ಎದ್ದ. ಆಮೇಲೆ ನೋಡುವುದು. ಆ ಮಾತು ಮನಸ್ಸಿಗೆ ಬಂದ ಕೂಡಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಎದ್ದೇ ಎದ್ದ.

ಹಬ್ಬದ ದಿನ ಪಾದ್ರಿ ಗಾವ್ರಿಲೊ ಹತ್ತು ಗಂಟೆಗೆ ಬಂದರು. ಹಬ್ಬದ ರೊಟ್ಟಿಗೆ ದ್ರಾಕ್ಷಾರಸ ಸುರಿದು, ಅವರೂ ಲಾಜಾರನೂ ಅದನ್ನು ಕೈಯಿಂದ ಕೈಗೆ ತಿರುಗಿಸಿ, ಮುರಿದು, ಮುತ್ತಿಟ್ಟರು. "ಕ್ರಿಸ್ತನು ನಮ್ಮ ನಡುವೆ ಇದ್ದಾನೆ," ಎಂದರು ಪಾದ್ರಿ. "ಇದ್ದಾನೆ, ಇರುತ್ತಾನೆ," ಎಂದು ಲಾಜಾರ್ ಹೇಳಬೇಕು. ಹೇಳಿದ. ಪ್ರತಿ ವರ್ಷ ಗಟ್ಟಿಯಾಗಿ ಬರುತ್ತಿದ್ದ ಮಾತು ಈ ವರ್ಷ ಮೆತ್ತಗೆ ಬಂತು.

ಮಧ್ಯಾಹ್ನಕ್ಕೆ ಮನೆ ತುಂಬಿತು. ಸ್ಲಾವಾದಂದು ಮನೆಯ ಯಜಮಾನ ಕೂರುವ ಹಾಗಿಲ್ಲ. ಅತಿಥಿಗಳ ನಡುವೆ ನಿಂತೇ ಇದ್ದು ಬಡಿಸಬೇಕು. ಲಾಜಾರ್ ಬಾಗಿಲಲ್ಲಿ ಝಿತೊ ಹಿಡಿದು ನಿಂತ. ಬೇಯಿಸಿದ ಗೋಧಿಗೆ ಆಕ್ರೋಟು, ಸಕ್ಕರೆ ಬೆರೆಸಿ ಮೇಲೆ ಶಿಲುಬೆ ಬರೆದದ್ದು. ಬಂದವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಂದೊಂದು ಚಮಚ ತಿಂದು ಒಳಗೆ ಹೋಗುತ್ತಿದ್ದರು.

ಎರಡು ಗಂಟೆಗೆ ಬಿಳಿ ಕೋಲಿನ ಸದ್ದು ಮೆಟ್ಟಿಲು ಹತ್ತಿತು. ಯೆಲಾ ಅತ್ತೆ ಈ ಮನೆಯ ಹಬ್ಬಕ್ಕೆ ಹಿಂದೆಂದೂ ಬಂದಿರಲಿಲ್ಲ.

"ಕರೀದೇ ಬಂದೆ ಅನ್ಬೇಡ, ಇವತ್ತು ಯಾರೂ ಕರೆಯೋ ಹಾಗಿಲ್ಲ," ಎಂದು ನಗುತ್ತ ಚಮಚಕ್ಕೆ ಕೈಚಾಚಿದರು. "ಸಂತ ಲೂಕ ವೈದ್ಯನಾಗಿದ್ದ. ನಿಮ್ಮ ಮನೆಗೆ ಸರಿಯಾದವನೇ ಸಿಕ್ಕಿದ್ದಾನೆ."

ಮೇಜಿನ ತಲೆಯಲ್ಲೇ ಅವರಿಗೆ ಜಾಗ ಸಿಕ್ಕಿತು. ಸೂಪು ಮುಗಿಯುವ ಮೊದಲೇ ಕತೆ ಶುರುವಾಯಿತು. ಆಕೆ ಕತೆ ಹೇಳಿದರೆ ಚಮಚಗಳೂ ಸುಮ್ಮನಾಗುತ್ತಿದ್ದವು.

"ನಾಲ್ಕು ತಿಂಗಳು ನನ್ನ ಯಂತ್ರ ಮೂಕ. ಯಾಕೆ? ಈ ಮುದುಕಿ ಹಾಳು ಬೆರಳು ಹೋಗಿ ಬಲತುದಿಯ ಗುಂಡಿ ಒತ್ತಿತ್ತು! ಈ ನಿಮ್ಮ ಲಾಜಾರ್ ಬಂದ, ಅರ್ಧ ಗಂಟೆ, ಮಾತು ಬಂತು. ಬೈಯಲೂ ಇಲ್ಲ ನನ್ನ. ಈಗ ಆ ಗುಂಡಿ ಮೇಲೆ ಗಾಯಕ್ಕೆ ಅಂಟಿಸೋ ಪಟ್ಟಿ ಅಂಟಿಸಿದೀನಿ. ಬೆರಳಿಗೆ ಗೊತ್ತಾಗ್ಲಿ, ಇಲ್ಲಿ ನೀನು ಒಂದ್ಸಲ ಪಾಪ ಮಾಡಿದ್ದೆ ಅಂತ."

ಎಲ್ಲರೂ ನಕ್ಕರು. ಪಕ್ಕದ ಮನೆಯ ಬೋರಾ ಲೋಟ ಎತ್ತಿದ. "ನಮ್ಮ ಲಾಜಾರ್ ಅಂದ್ರೆ ಏನಂದ್ಕೊಂಡ್ರಿ? ಅವನ ಕೆಲಸದ ಮೇಲೆ ಲೋಕದಲ್ಲಿ ಒಂದು ದೂರಿಲ್ಲ. ವಿದಾನೇ ಹೇಳಿದ್ಲು. ನನ್ನ ಹೆಂಡತಿ ದಿನಕ್ಕೆ ಹತ್ತು ದಾಖಲು ಮಾಡ್ತಾಳೆ!"

"ನಿನ್ನ ಮೇಲೆ ಹತ್ತಕ್ಕೇ ನಿಲ್ಲಿಸ್ತಾಳಲ್ಲ, ಅವಳು ದೇವತೆ," ಎಂದಳು ವಿದಾ.

ನಗು ಇನ್ನೊಂದು ಸುತ್ತು ಎದ್ದಿತು. ಲಾಜಾರ್ ಮಾಂಸದ ತಟ್ಟೆ ಹಿಡಿದು ಯೆಲಾ ಅತ್ತೆಯ ಹಿಂದೆ ನಿಂತಿದ್ದ. ತಟ್ಟೆಯ ಅಂಚು ಬಿಸಿಯಾಗಿ ಬೆರಳು ಸುಡುತ್ತಿತ್ತು. ಕೆಳಗಿಡಲು ಜಾಗವಿತ್ತು, ಇಡಲಿಲ್ಲ. ಆಕೆಯ ಬೆರಳು ಮೇಜುಬಟ್ಟೆಯ ಮೇಲೆ ಇತ್ತು. ಅದೇ ಬೆರಳು, ತಾನು ಹಿಡಿದು ಸುಳ್ಳಿನ ಮೇಲೆ ಇಟ್ಟದ್ದು.

"ಅತ್ತೆ," ಎಂದ. "ಆ ಪಟ್ಟಿ ಕಿತ್ತುಹಾಕಿ."

"ಯಾಕಪ್ಪ? ಚೆನ್ನಾಗಿ ಅಂಟಿದೆ."

"ನೀವು ಯಾವ ಗುಂಡೀನೂ ಒತ್ತಿರಲಿಲ್ಲ. ಆ ಗುಂಡಿಗೂ ದನಿಗೂ ಸಂಬಂಧಾನೇ ಇಲ್ಲ. ಆ ದನಿಗೆ ಉಸ್ತುವಾರಿ ನಾನು. ಫೆಬ್ರವರಿಯಲ್ಲಿ ಅದು ಕೆಟ್ಟಿತ್ತು. ಕೆಟ್ಟಿದೆ ಅಂತ ಹೇಳೋ ಪರೀಕ್ಷೆ ಒಂದಿತ್ತು, ಅದರ ಬಾಯಿ ಮುಚ್ಚಿಸಿ ಒಳಗೆ ತಳ್ಳಿದೆ. ಮಾರ್ಚಲ್ಲಿ ಒಬ್ಬಳು ಹೇಳಿದ್ಲು. ಅವಳಿಗೆ ಸುಮ್ನಿರು ಅಂದೆ. ನಿಮ್ಮ ಮನೇಲಿ ಕೂತಾಗ ನನಗೆ ಎಲ್ಲಾ ಗೊತ್ತಾಗಿತ್ತು."

ಯಾರೋ ಚಮಚ ಕೆಳಗಿಟ್ಟ ಸದ್ದಾಯಿತು. ಬೋರಾನ ಲೋಟ ಗಾಳಿಯಲ್ಲೇ ನಿಂತಿತ್ತು, ಇಳಿಸುವುದೋ ಕುಡಿಯುವುದೋ ತಿಳಿಯದೆ. ವಿದಾ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಗಂಡನನ್ನು ನೋಡಲಿಲ್ಲ, ನೆಲ ನೋಡಿದಳು.

ಯೆಲಾ ಅತ್ತೆ ಮೇಜುಬಟ್ಟೆಯ ಮೇಲಿದ್ದ ಬೆರಳನ್ನು ಮಡಚಿಕೊಂಡರು. ಆಮೇಲೆ, "ಅದಕ್ಕೇ ಅವತ್ತು ಅವನ ಮಾತು ಅರ್ಧಕ್ಕೆ ನಿಲ್ಲಿಸಿದೆ," ಎಂದರು.

"ಹೌದು. ಮುಂದಿನ ಸಾಲಲ್ಲಿ ನನ್ನ ಹೆಸರಿತ್ತು."

"ನಾಲ್ಕು ತಿಂಗಳು ನಾನು ನನ್ನ ಬೆರಳಿಗೆ ಬೈದೆ ಲಾಜಾರ್. ದೇವರ ಹತ್ರ ಕ್ಷಮೆ ಕೇಳಿದೆ, ಯಾವ ತಪ್ಪಿಗೆ ನನ್ನಿಂದ ಓದು ಕಸ್ಕೊಂಡೆ ಅಂತ. ಆಗಸ್ಟಲ್ಲಿ, ದೇವಮಾತೆಯ ಹಬ್ಬದ ದಿನ, ಆ ಮುದುಕ ಸ್ತೋತ್ರಾನ ಜಜ್ಜುತ್ತಾ ಇದ್ದಾಗ, ಪಕ್ಕದಲ್ಲಿ ನಿಂತು ತುಟಿ ಕಚ್ಚಿಕೊಂಡಿದ್ದೆ." ದನಿ ಏರಲಿಲ್ಲ. ಏರಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಕೆಡೋದು ಕೆಡುತ್ತೆ. ನೀನು ಬಿಟ್ಟಿ ಮಾಡೋನು, ನಿನಗೂ ಕೆಲಸ ಇರುತ್ತೆ, ಅದನ್ನ ಯಾರೂ ಬೈಯಲ್ಲ. ಆದ್ರೆ ನನ್ನ ಕೈ ಹಿಡ್ಕೊಂಡು ಆ ಗುಂಡಿ ಮೇಲೆ ಇಟ್ಟೆಯಲ್ಲ."

ಲಾಜಾರ್ ಸುಡುತ್ತಿದ್ದ ತಟ್ಟೆಯನ್ನು ಕೆಳಗಿಟ್ಟ.

"ನನ್ನ ಹಾಗೆ ಇನ್ನೆಷ್ಟು ಜನ ಇದ್ದಾರೆ?"

"ಗೊತ್ತಿಲ್ಲ ಅತ್ತೆ. ನೂರೋ, ಇನ್ನೂರೋ. ಅವರು ನನಗೆ ಬರೆಯೋಕೂ ಆಗಲ್ಲ. ನಾನು ಅವರಿಗೆ ಬರೆದ್ರೂ ಓದೋಕೆ ಆಗಲ್ಲ."

"ಬರೆದ್ರೆ ಆಗಲ್ಲ. ಹೇಳಿದ್ರೆ ಆಗುತ್ತೆ." ಆಕೆ ಕೋಲು ತಡಕಿದರು. "ನಮ್ಮ ಅಂಧರ ಸಂಘದ ಫೋನ್ ಇದೆ. ಗುರುವಾರ ಗುರುವಾರ ಸುದ್ದಿ ಓದಿ ಅದರಲ್ಲಿ ಹಾಕ್ತೀವಿ, ದೇಶದಲ್ಲೆಲ್ಲ ನಂಬರ್ ತಿರುಗಿಸಿ ಕೇಳ್ತಾರೆ. ನಾಳೆ ನಾಲ್ಕು ಗಂಟೆಗೆ ಬಾ. ಬರೋ ಮೊದಲು ಏನು ಹೇಳಬೇಕು ಅಂತ ಯೋಚಿಸ್ಕೊಂಡು ಬಾ." ಎದ್ದು ನಿಂತವರು ಒಂದು ಕ್ಷಣ ತಡೆದು, ಮೇಜಿಗೆಲ್ಲ ಕೇಳುವ ಹಾಗೆ, "ಸೂಪು ಚೆನ್ನಾಗಿತ್ತು ವಿದಾ," ಎಂದರು. ಊಟಕ್ಕೆ ಉಳಿದಿದ್ದ ಪಾದ್ರಿ ಆಕೆಯ ತೋಳು ಹಿಡಿದು ಕರೆದುಕೊಂಡು ಹೋದರು. ಹೋಗುವಾಗ ಲಾಜಾರನ ಭುಜವನ್ನು ಮುಟ್ಟಿದರು. ಅದು ಸಮಾಧಾನವೋ, ಹೋಗಲು ದಾರಿ ಬಿಡೆಂದದ್ದೋ, ಅವನಿಗೆ ತಿಳಿಯಲಿಲ್ಲ.

ಉಳಿದವರು ಬೇಗ ಬೇಗ ಉಂಡು ಎದ್ದರು. ಬೋರಾ ಬಾಗಿಲಲ್ಲಿ ಏನೋ ತಮಾಷೆ ಮಾಡಲು ಬಾಯಿ ತೆರೆದು, ಟೋಪಿ ಹಾಕಿಕೊಂಡು ಹೋದ.

ಬೆಳಕು ಇನ್ನೂ ಇತ್ತು. ಹಬ್ಬದ ಮೇಣದಬತ್ತಿ ಮುಕ್ಕಾಲು ಉರಿದಿತ್ತು. ಅದರ ಪಕ್ಕದಲ್ಲೇ ಯಂತ್ರ ತೆರೆದು, ಆ ದಿನದಲ್ಲಿ ಮೊದಲ ಬಾರಿಗೆ ಲಾಜಾರ್ ಕೂತ. ತನ್ನ ಪ್ಯಾಕೇಜಿನ ಮೇಲೆ ತಾನೇ ದೂರು ಬರೆದ. ಏನಾಗಿದೆ, ಯಾವಾಗಿನಿಂದ, ಯಾರು ಪರೀಕ್ಷೆಯನ್ನು ತೆಗೆದದ್ದು, ಯಾರು ಮಾರ್ಚಿನಲ್ಲೇ ಎಚ್ಚರಿಸಿದ್ದು, ಆ ಎಚ್ಚರಿಕೆಯನ್ನು ಯಾರು ಅದುಮಿದ್ದು. 'ಯಂತ್ರಗಳ ದೋಷ' ಎಂದು ಬರೆದಿದ್ದ ಜಾಗಕ್ಕೆ ತನ್ನ ಹೆಸರನ್ನು ಬರೆದ. ಕಳಿಸಿದ. ಸ್ವಲ್ಪ ಹೊತ್ತಿಗೆ ಪುಟದಲ್ಲಿ ಸೊನ್ನೆ ಹೋಗಿ ಒಂದು ಬಂತು.

ವಿದಾ ತಟ್ಟೆ ಒರೆಸುತ್ತ ಹಿಂದೆ ಬಂದು ನಿಂತಳು. "ಒಡೀತಾ ಮೊಟ್ಟೆ?"

"ಒಡೀತು."

"ಕೊಳೆತಿತ್ತು," ಎಂದಳು. ಬೇರೇನೂ ಹೇಳದೆ ಇನ್ನೊಂದು ತಟ್ಟೆ ತೆಗೆದುಕೊಂಡಳು.

ಝಿವಾನಾಗೆ ಬರೆದ ಪತ್ರ ಚಿಕ್ಕದಾಗಿತ್ತು. ಕ್ಷಮೆ ಕೇಳಿ, ಉಸ್ತುವಾರಿಯನ್ನು ಒಪ್ಪಿಸಿಕೊಳ್ಳುವಿರಾ ಎಂದು ಕೇಳಿದ. ಉತ್ತರ ಬೆಳಿಗ್ಗೆ ಬಂತು, ಇನ್ನೂ ಚಿಕ್ಕದು: 'ತಿದ್ದಿದ ಪ್ಯಾಕೇಜು ಏಪ್ರಿಲಿನಿಂದ ನನ್ನ ಬಳಿ ಸಿದ್ಧವಿದೆ. ನೀವು ಹತೋಟಿಯಲ್ಲಿದೆ ಅಂದಿದ್ದಿರಿ, ಅದಕ್ಕೆ ಕಾದೆ. ಇವತ್ತೇ ಕಳಿಸುತ್ತೇನೆ. ಪರೀಕ್ಷೆಯನ್ನು ವಾಪಸು ಹಾಕಿದ್ದೇನೆ.' ಏಪ್ರಿಲ್. ಬಿಡುಗಡೆಗೆ ಎರಡು ತಿಂಗಳು ಮೊದಲು. ಅವನು ಆ ಸಾಲನ್ನು ಓದಿ ಪರದೆ ಮುಚ್ಚಿದ, ಮತ್ತೆ ತೆರೆದು ಓದಿದ.

ಅಂಧರ ಸಂಘದ ಕೋಣೆಯಲ್ಲಿ ಒಂದು ಮೈಕು, ಎರಡು ಕುರ್ಚಿ, ಗೋಡೆಗೆ ಬಡಿದ ದಪ್ಪ ಕಂಬಳಿ. ಯೆಲಾ ಅತ್ತೆ ಆಗಲೇ ಬಂದು ಕೂತಿದ್ದರು. ಮಗಾ ಎನ್ನಲಿಲ್ಲ. "ಕೂತ್ಕೊ," ಎಂದರು ಅಷ್ಟೆ.

ಅವನು ಬರೆದು ತಂದಿದ್ದ ಹಾಳೆ ಬಿಚ್ಚಿ ಓದಿದ. ಇಂಥಿಂಥ ಮೂರು ಗುಂಡಿ ಒಟ್ಟಿಗೆ ಒತ್ತಿ, ಇಂಗ್ಲಿಷ್ ದನಿ ಬರುತ್ತದೆ. ಅದರ ಸಹಾಯದಿಂದ ಇಂಥ ಸಾಲು ಬರೆಯಿರಿ, ನಮ್ಮ ದನಿ ವಾಪಸು ಬರುತ್ತದೆ. ನೀವು ಯಾರೂ ಏನೂ ತಪ್ಪು ಒತ್ತಿಲ್ಲ. ತಪ್ಪು ಉಸ್ತುವಾರಿಯದು.

"ಉಸ್ತುವಾರಿ ಅಂದ್ರೆ ಯಾರು?" ಎಂದು ಆಕೆ ತಡೆದರು. "ಕಚೇರಿಯ ಹಾಗೆ ಓದಬೇಡ. ಕೇಳೋರು ಒಬ್ಬೊಬ್ಬರೇ ಕೂತು ಕೇಳ್ತಾರೆ. ಮೊದಲು ನೀನು ಯಾರು ಅಂತ ಹೇಳು. ಆಮೇಲೆ ನಿಮ್ಮ ತಪ್ಪಲ್ಲ ಅಂತ ಹೇಳು. ಗುಂಡಿಗಳು ಕೊನೆಗೆ. ತಮ್ಮ ತಪ್ಪಲ್ಲ ಅಂತ ಗೊತ್ತಾಗೋವರೆಗೂ ಅವರ ಕೈ ಗುಂಡಿ ಮುಟ್ಟಲ್ಲ."

ಲಾಜಾರ್ ಹಾಳೆಯನ್ನು ಮಡಚಿ ಇಟ್ಟ. ಮೈಕಿನ ಕೆಂಪು ದೀಪ ಹತ್ತಿತು. ಅವನು ಉಸಿರೆಳೆದು ಹೆಸರು ಹೇಳಿ, ಮುಂದಿನ ಮಾತಿಗೆ ಹಾರಿದ.

ಯೆಲಾ ಅತ್ತೆ ಕೈಯೆತ್ತಿದರು. ಬರಿಗೈ. ತೋರುಬೆರಳ ತುದಿಯಲ್ಲಿ ಕಿತ್ತುಹಾಕಿದ ಪಟ್ಟಿಯ ಅಂಟಿನ ಧೂಳು ಇನ್ನೂ ಕಪ್ಪಗೆ ಹತ್ತಿಕೊಂಡಿತ್ತು.

"ಹೆಸರು ನುಂಗಿದೆ," ಎಂದರು. "ಇನ್ನೊಂದ್ಸಲ. ಹೇಳಿದ ಮೇಲೆ ಒಂದು ಉಸಿರು ಬಿಡು, ಅದು ಹೋಗಿ ಕೂತ್ಕೊಳ್ಳಲಿ."

ಅವನು ಮತ್ತೆ ಹೇಳಿದ.

"ಇನ್ನೂ ಮೆತ್ತಗಾಯ್ತು. ಇನ್ನೊಂದ್ಸಲ."